ಶಾಲೆಯ ಗೇಟಿನ ಮುಂದಿನ ಹೊಗೆ ತಡೆಯುವಂತೆ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬೀದರ್ ಜಿಲ್ಲೆ, ಬೀದರ್.

ಇವರಿಂದ: ಬೀದರ್ ನಗರ, ಭಾಲ್ಕಿ ಹಾಗೂ ಔರಾದ್‌ನ ಪಾಲಕರು ಮತ್ತು ಶಿಕ್ಷಕರು.

ವಿಷಯ: ವಾಹನಗಳ ಹೊಗೆಯಿಂದ ಶಾಲಾ ಮಕ್ಕಳ ಉಸಿರಾಟಕ್ಕೆ ಆಗುತ್ತಿರುವ ತೊಂದರೆ ತಡೆಯುವ ಬಗ್ಗೆ.

ಮಾನ್ಯರೇ,

ಬೆಳಿಗ್ಗೆ ಒಂಬತ್ತೂವರೆಗೆ ಮುಖ್ಯರಸ್ತೆಯ ಯಾವುದಾದರೂ ಶಾಲೆಯ ಮುಂದೆ ಐದು ನಿಮಿಷ ನಿಂತರೆ ನಮ್ಮ ಸಂಕಟ ತಮಗೆ ತಿಳಿಯುತ್ತದೆ. ಎಂಜಿನ್ ಆರಿಸದೆ ನಿಂತ ಟಂಟಂ, ಶಾಲಾ ವ್ಯಾನು, ಬೈಕು. ನಡುವೆ ಹಾರ್ನ್ ಹೊಡೆಯುತ್ತ ನುಗ್ಗುವ ಟಿಪ್ಪರ್. ಒಂದನೇ ತರಗತಿಯ ಮಗುವಿನ ಮುಖ ದೊಡ್ಡವರ ಮುಖಕ್ಕಿಂತ ಸೈಲೆನ್ಸರಿನ ಎತ್ತರಕ್ಕೆ ಹತ್ತಿರವಿರುತ್ತದೆ. ಆ ಬೈಕುಗಳಲ್ಲಿ ನಮ್ಮವೂ ಇವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

ಬೀದರ್ ಒಳ್ಳೆಯ ಹವೆಗೆ ಹೆಸರಾದ ಊರು. ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತರಲು ಹವೆಯೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ಗಾಳಿ ಸುಧಾರಿಸಬೇಕಾದ ನಗರಗಳ ಪಟ್ಟಿಯಲ್ಲಿ ಇಂದು ಕಲಬುರಗಿ ಇದೆ, ಬೀದರ್ ಇಲ್ಲ. ಆದ್ದರಿಂದ ಇಲ್ಲಿ ಜಿಲ್ಲಾಡಳಿತವೇ ಮುಂದಾಗಬೇಕಿದೆ.

ಮಕ್ಕಳ ಶ್ವಾಸಕೋಶ ಹದಿನೆಂಟರ ಆಸುಪಾಸಿನವರೆಗೂ ಬೆಳೆಯುತ್ತಿರುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ದೊಡ್ಡವರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. 2.5 ಮೈಕ್ರಾನಿಗಿಂತ ಸಣ್ಣ ಹೊಗೆಯ ಕಣ ಮೂಗು, ಗಂಟಲು ದಾಟಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ನೈಟ್ರೋಜನ್ ಡೈಆಕ್ಸೈಡ್ ಶ್ವಾಸನಾಳವನ್ನು ಕೆರಳಿಸಿ ದಮ್ಮು ಹೆಚ್ಚಿಸುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1993ರಿಂದ ಶಾಲಾ ಮಕ್ಕಳನ್ನು ವರ್ಷಗಟ್ಟಲೆ ಪರೀಕ್ಷಿಸಿದ ಸಂಶೋಧಕರು ಹೊಗೆಯಿಂದ ಶ್ವಾಸಕೋಶದ ಬೆಳವಣಿಗೆ ಕುಂಠಿತವಾಗುವುದನ್ನು ಅಂಕಿಯಲ್ಲಿ ತೋರಿಸಿದ್ದಾರೆ. 18ನೇ ವಯಸ್ಸಿಗೆ ಶ್ವಾಸಕೋಶದ ಶಕ್ತಿ ತೀರ ಕಡಿಮೆಯಿದ್ದವರು ಅತಿ ಕಡಿಮೆ ಹೊಗೆಯ ಊರಿನಲ್ಲಿ ಶೇ. 1.6, ಅತಿ ಹೆಚ್ಚು ಹೊಗೆಯ ಊರಿನಲ್ಲಿ ಶೇ. 7.9. ಮುಂದೆ ಅಲ್ಲಿಯ ಗಾಳಿ ಸುಧಾರಿಸಿದಾಗ ನಂತರದ ತಲೆಮಾರಿನ ಮಕ್ಕಳ ಶ್ವಾಸಕೋಶವೂ ಚೆನ್ನಾಗಿ ಬೆಳೆಯಿತು. ಆ ಭರವಸೆಯಿಂದಲೇ ತಮ್ಮ ಬಳಿ ಬಂದಿದ್ದೇವೆ.

ಮೊದಲು ಅಳತೆಯಾಗಲಿ. ಮಾಲಿನ್ಯ ನಿಯಂತ್ರಣ ಮಂಡಳಿ ಮೂರೂ ಊರುಗಳ ರಸ್ತೆಬದಿಯ ಶಾಲೆಗಳ ಗೇಟಿನಲ್ಲಿ, ಮಗುವಿನ ಎತ್ತರಕ್ಕೆ, ಒಂದು ಪೂರ್ಣ ಚಳಿಗಾಲ ಗಾಳಿಯನ್ನು ಅಳೆಯಬೇಕು. ಇಡೀ ಊರಿನ ಸರಾಸರಿಯಲ್ಲಿ ಶಾಲೆ ಕೂಡುವ ಹೊತ್ತಿನ ಅರ್ಧ ತಾಸಿನ ಹೊಗೆ ಕಾಣುವುದಿಲ್ಲ. ಫಲಿತಾಂಶವನ್ನು ಕನ್ನಡ, ಉರ್ದು, ಮರಾಠಿಯಲ್ಲಿ ಗೇಟಿಗೇ ಹಚ್ಚಬೇಕು. ಹೋಲಿಕೆಗೆ ಹೇಳುವುದಾದರೆ, 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.

ಕಬ್ಬಿನ ಹಂಗಾಮಿಗೆ ಬೇರೆಯೇ ವ್ಯವಸ್ಥೆ ಬೇಕು. ಭಾಲ್ಕಿ ಸುತ್ತ ಜೋಡಿ ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರುಗಳು, ಔರಾದ್‌ನಲ್ಲಿ ದೇಗಲೂರಿನ ಕಡೆಯ ಲಾರಿಗಳು ಶಾಲೆ ಕೂಡುವ ಹೊತ್ತಿಗೇ ಊರೊಳಗೆ ಬರುತ್ತವೆ. ಅವೇ ತಿಂಗಳುಗಳಲ್ಲಿ ಚಳಿಯ ಮುಂಜಾನೆ ಹೊಗೆ ಮೇಲೇಳದೆ ನೆಲದ ಮೇಲೇ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 115ನೇ ಕಲಮಿನಡಿ, ಶಾಲೆ ಕೂಡುವ ಮತ್ತು ಬಿಡುವ ಒಂದೊಂದು ತಾಸು ಭಾರಿ ವಾಹನಗಳನ್ನು ಶಾಲಾ ರಸ್ತೆಗಳಲ್ಲಿ ನಿರ್ಬಂಧಿಸಬೇಕು. ಟ್ರ್ಯಾಕ್ಟರ್ ಓಡಿಸುವವರ ಮಕ್ಕಳೂ ಇದೇ ಶಾಲೆಗಳಲ್ಲಿ ಓದುತ್ತಾರೆ. ದಂಡಕ್ಕೆ ಮೊದಲು ಸಕ್ಕರೆ ಕಾರ್ಖಾನೆಗಳವರನ್ನು ಕರೆಸಿ ಕಬ್ಬು ಸಾಗಿಸುವ ವೇಳೆಯನ್ನೇ ಬದಲಿಸಿಕೊಡಿ. ನಾವು ಕೇಳುತ್ತಿರುವುದು ದಯೆಯನ್ನಲ್ಲ; ಶುದ್ಧ ಗಾಳಿ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ.

ಹೊಗೆ ತಪಾಸಣೆಯ ಪ್ರಮಾಣಪತ್ರ ನೋಡಿ ಬಿಟ್ಟರೆ ಸಾಲದು. ಸಾರಿಗೆ ಅಧಿಕಾರಿಗಳು ರಸ್ತೆಯಲ್ಲೇ ಯಂತ್ರವಿಟ್ಟು ಪರೀಕ್ಷಿಸಲಿ, ಶಾಲಾ ವಾಹನಗಳಿಂದಲೇ ಶುರು ಮಾಡಲಿ.

2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಉಬ್ಬಸದ ಕಾಯಿಲೆಯೂ ಇದೆ. ವೈದ್ಯರ ತಂಡ ರಸ್ತೆಬದಿಯ ಶಾಲೆಗಳಲ್ಲಿ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಲೆಕ್ಕ ಬರೆದಿಡಬೇಕು. ಇನ್ಹೇಲರ್ ಚಟವಾಗುತ್ತದೆಂದು ಹೆದರುವ, ಹೆಣ್ಣುಮಗುವಿಗೆ ದಮ್ಮಿದೆ ಎಂದರೆ ಮದುವೆಗೆ ತೊಡಕೆಂದು ಮುಚ್ಚಿಡುವ ಮನೆಗಳಿವೆ. ಆಶಾ ಕಾರ್ಯಕರ್ತೆಯರು ಆ ತಾಯಂದಿರ ಜೊತೆ ಕೂತು ಮಾತಾಡಲಿ. ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಕ್ಕಳ ಇನ್ಹೇಲರ್, ಸ್ಪೇಸರ್, ನೆಬ್ಯುಲೈಸರ್ ವರ್ಷವಿಡೀ ಸಿಗಬೇಕು. ಇದಕ್ಕೆ ಬೇಕಾದ ಹಣಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ತಾವು ಪ್ರಸ್ತಾವ ಕಳಿಸಬೇಕು.

ಗೇಟಿನಿಂದ ನೂರು ಮೀಟರ್ ದೂರದಲ್ಲೇ ಗಾಡಿ ಆರಿಸಿ ಮಕ್ಕಳ ಕೈಹಿಡಿದು ನಡೆಸಿಕೊಂಡು ಹೋಗುವುದನ್ನು ನಾವು ಬರುವ ಸೋಮವಾರದಿಂದ ಆರಂಭಿಸುತ್ತೇವೆ. ಅಷ್ಟು ದೂರ ನಡೆಯಲು ಫುಟ್‌ಪಾತ್ ತೆರವುಗೊಳಿಸಿ, ಒಬ್ಬ ಹೋಮ್‌ಗಾರ್ಡನ್ನು ನಿಲ್ಲಿಸಿಕೊಡಿ. ಮೂವತ್ತು ದಿನಗಳೊಳಗೆ ಸಂಬಂಧಿಸಿದ ಇಲಾಖೆಗಳ ಸಭೆ ಕರೆದು, ನಮ್ಮನ್ನೂ ಕರೆಸಿಕೊಂಡು, ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಪಾಲಕರು ಮತ್ತು ಶಿಕ್ಷಕರು
ಬೀದರ್, ಭಾಲ್ಕಿ, ಔರಾದ್