ತೂಕ ಇಳಿಸುವ ಸೂಜಿಮದ್ದು: ಕೇಳಲು ನಾಚುವ ಪ್ರಶ್ನೆ

ಶಾಲಾ ಮಕ್ಕಳನ್ನು ಕರೆದುಕೊಂಡು ಕೂನೂರಿಗೆ ಹೋದ ಅಧ್ಯಾಪಕರೆಲ್ಲ ಸಿಮ್ಸ್ ಪಾರ್ಕ್ ನೋಡಿ, ಒಂದು ಪೊಟ್ಟಣ ಚಹಾಪುಡಿ ಕಟ್ಟಿಸಿಕೊಂಡು ಊಟಿಯ ದಾರಿ ಹಿಡಿಯುವುದು ವಾಡಿಕೆ. ಪಾರ್ಕಿನ ಬಳಿಯಲ್ಲೇ ಇರುವ ಪಾಶ್ಚರ್ ಸಂಸ್ಥೆಯ ಕಡೆಗೆ ತಿರುಗಿ ನೋಡುವವರು ವಿರಳ. 1907ರಲ್ಲಿ ಆರಂಭವಾದ ಈ ಸಂಸ್ಥೆಯ ಒಂದು ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮೆಕ್‌ಕಾರಿಸನ್ ಎಂಬ ವೈದ್ಯರು ಆಹಾರದ ಕೊರತೆಯಿಂದ ಬರುವ ರೋಗಗಳ ಅಧ್ಯಯನಕ್ಕೆ ತೊಡಗಿದರು. ಮುಂದೆ ಅವರು ಮಾಡಿದ ಇಲಿಗಳ ಪ್ರಯೋಗ ಪ್ರಸಿದ್ಧವಾದುದು. ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಕನ್ನಡಿಗರು, ಬಂಗಾಳಿಗಳು, ಮದರಾಸಿಗಳು ಉಣ್ಣುವ ಊಟವನ್ನು ಬೇರೆ ಬೇರೆ ಗುಂಪಿನ ಇಲಿಗಳಿಗೆ ಹಾಕಿ ಅವುಗಳನ್ನು ತೂಗಿ ನೋಡಿದರು. ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ತಿಂದ ಸಿಖ್ಖರ ಪಂಜರದ ಇಲಿಗಳು ಮೊದಲನೆಯವು. ಕನ್ನಡಿಗರ ಊಟದವು ಕೆಳಗಿನ ಸಾಲಿನವು. ಅಕ್ಕಿಯನ್ನೇ ನಂಬಿದ ಮದರಾಸಿ ಊಟದವು ಕಟ್ಟಕಡೆಯವು. ಕಾಸರಗೋಡು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಾದ್ದರಿಂದ ನಾವು ಯಾವ ಪಂಜರಕ್ಕೆ ಸೇರಿದ್ದೆವೋ ಹೇಳುವುದು ಕಷ್ಟ! ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದುವೇ.

ಅಂದಿನ ಚಿಂತೆ, ಮೈಗೆ ನಾಲ್ಕು ತೂಕ ಹತ್ತಿಸುವುದು ಹೇಗೆಂಬುದು. ಇಂದಿನದು ಇಳಿಸುವುದು ಹೇಗೆಂಬುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅತಿತೂಕ ಅಥವಾ ಬೊಜ್ಜು ಇರುವ ಮಹಿಳೆಯರು ತಮಿಳುನಾಡಿನಲ್ಲಿ ನೂರಕ್ಕೆ 40, ಕೇರಳದಲ್ಲಿ 38, ಕರ್ನಾಟಕದಲ್ಲಿ 30. ಗಂಡಸರ ಲೆಕ್ಕವೂ ಬಹಳ ಹಿಂದೆ ಬಿದ್ದಿಲ್ಲ. ಇಂಥ ಹೊತ್ತಿನಲ್ಲಿ 2025ರ ಮಾರ್ಚಿಯಲ್ಲಿ ಮೌಂಜಾರೋ ಎಂಬ ಹೆಸರಿನ ಟಿರ್ಜೆಪಟೈಡ್, ಜೂನ್ ತಿಂಗಳಲ್ಲಿ ವೆಗೋವಿ ಎಂಬ ಹೆಸರಿನ ಸೆಮಾಗ್ಲುಟೈಡ್ ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಮೌಂಜಾರೋದ ಅತಿ ಸಣ್ಣ ಪ್ರಮಾಣದ ಒಂದು ಬಾಟಲಿಗೆ ಆರಂಭದ ಬೆಲೆ 3,500 ರೂಪಾಯಿ. ಅದು ಒಂದು ವಾರದ ಮದ್ದು ಮಾತ್ರ. 2026ರ ಮಾರ್ಚಿಯಲ್ಲಿ ಸೆಮಾಗ್ಲುಟೈಡಿನ ಪೇಟೆಂಟ್ ಅವಧಿ ಭಾರತದಲ್ಲಿ ಮುಗಿದು ದೇಶೀಯ ಕಂಪೆನಿಗಳಿಗೆ ಬಾಗಿಲು ತೆರೆಯಿತು. ಶ್ರೀಮಂತರ ಮದ್ದು ಮಧ್ಯಮ ವರ್ಗದ ಮನೆಯ ಫ್ರಿಜ್ಜಿಗೆ ಬರುವ ಕಾಲ ಇದು.

ಈ ಮದ್ದುಗಳು ಕರುಳಿನಲ್ಲಿ ಹುಟ್ಟುವ ಹಾರ್ಮೋನನ್ನು ಅನುಕರಿಸಿ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸಿ, ಮೆದುಳಿನಲ್ಲಿ ಹಸಿವಿನ ಆಸೆಯನ್ನು ತಗ್ಗಿಸುತ್ತವೆ. ಫಲವಿಲ್ಲವೆಂದು ಯಾರೂ ಹೇಳಲಾರರು. 2021ರಲ್ಲಿ ಪ್ರಕಟವಾದ 1,961 ಮಂದಿಯ ಪರೀಕ್ಷೆಯಲ್ಲಿ 68 ವಾರ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ನೂರಕ್ಕೆ 15ರಷ್ಟು ಇಳಿದಿತ್ತು. ಬಿಟ್ಟು ಒಂದು ವರ್ಷವಾಗುವಾಗ ಇಳಿದುದರಲ್ಲಿ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತೆಂಬುದನ್ನೂ ಜೊತೆಗೇ ಹೇಳಬೇಕು.

ನನ್ನ ಸಹೋದ್ಯೋಗಿಯೊಬ್ಬರು ಮೂರು ತಿಂಗಳಿಂದ ಈ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾರೆ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇಲ್ಲದಾಗ ಮೆಲ್ಲನೆ ಕೇಳಿದರು: “ಮಾಸ್ಟ್ರೇ, ಹೊಟ್ಟೆಯ ಹಸಿವು ಮಾತ್ರ ಅಲ್ಲ, ಎಲ್ಲ ಆಸೆಯೂ ಹೋದ ಹಾಗೆ ಉಂಟಲ್ಲ?” ಡಾಕ್ಟರಲ್ಲಿ ಕೇಳಿದಿರಾ ಎಂದರೆ, “ಅದನ್ನು ಮಲಯಾಳದಲ್ಲಿ ಹೇಗೆ ಕೇಳುವುದು?” ಎಂದು ನಕ್ಕುಬಿಟ್ಟರು. ನಾನು ವೈದ್ಯನಲ್ಲ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ದಾಂಪತ್ಯದ ಆಸಕ್ತಿಯ ಕುರಿತು ಲಭ್ಯವಿರುವ ಸಾಕ್ಷ್ಯ ಎರಡೂ ಕಡೆಗೆ ವಾಲುತ್ತದೆ. ಬೊಜ್ಜು ತಾನಾಗಿಯೇ ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನನ್ನು ಇಳಿಸುತ್ತದೆ. ಆದುದರಿಂದ ತೂಕ ಇಳಿದರೆ ಅದು ಏರುವುದು ಸಹಜ. ಅಮೆರಿಕದಲ್ಲಿ 110 ಗಂಡಸರನ್ನು ಪರಿಶೀಲಿಸಿ 2025ರಲ್ಲಿ ಮಂಡಿಸಿದ ವರದಿಯಲ್ಲಿ, ಹಾರ್ಮೋನಿನ ಮಟ್ಟ ಸರಿಯಿದ್ದವರ ಪ್ರಮಾಣ ನೂರಕ್ಕೆ 53ರಿಂದ 77ಕ್ಕೆ ಏರಿತ್ತು. ಇದಕ್ಕೆ ವಿರುದ್ಧವಾಗಿ 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಮಧುಮೇಹವಿಲ್ಲದ, ಸೆಮಾಗ್ಲುಟೈಡ್ ಪಡೆದ 3,094 ಸ್ಥೂಲಕಾಯದ ಗಂಡಸರ ದಾಖಲೆಗಳನ್ನು ನೋಡಿದಾಗ ನಿಮಿರು ದೌರ್ಬಲ್ಯ ನೂರಕ್ಕೆ 1.47 ಮಂದಿಯಲ್ಲಿ ಕಂಡಿತ್ತು. ಮದ್ದು ಪಡೆಯದವರಲ್ಲಿ 0.32. ಹೆಚ್ಚಳ ನಿಜ, ಆದರೆ ನೂರರಲ್ಲಿ ತೊಂಬತ್ತೆಂಟು ಮಂದಿಗೆ ಆ ತೊಂದರೆ ದಾಖಲಾಗಿಲ್ಲವೆಂಬುದೂ ನಿಜ. ಕಾಗದದ ದಾಖಲೆ ಕಾರಣವನ್ನು ಸಾಬೀತುಪಡಿಸುವುದೂ ಇಲ್ಲ. ಇನ್ನು ಆಸೆಯ ವಿಷಯ: 2025ರ ಒಂದು ಸಣ್ಣ ಪರೀಕ್ಷೆಯಲ್ಲಿ ಇದೇ ಮದ್ದು ಮದ್ಯದ ಹಂಬಲವನ್ನು ತಗ್ಗಿಸಿತ್ತು. ಊಟದ ಆಸೆಯಾಚೆಗೂ ಇದರ ಕೈ ಚಾಚುವುದೆಂಬ ಸಂಶಯಕ್ಕೆ ಹೀಗೆ ಆಧಾರವಿದೆ, ತೀರ್ಪು ಇನ್ನೂ ಆಗಿಲ್ಲ. ಮೊದಲ ತಿಂಗಳುಗಳ ವಾಕರಿಕೆ, ಅರೆಹೊಟ್ಟೆಯ ಸುಸ್ತು, ಮೊದಲಿನಿಂದ ಇದ್ದ ಸಕ್ಕರೆ ಕಾಯಿಲೆ, ಕೆಲವು ರಕ್ತದೊತ್ತಡದ ಗುಳಿಗೆಗಳು, ಮನಸ್ಸಿನ ಖಿನ್ನತೆ ಇವುಗಳೆಲ್ಲ ಅದೇ ಲಕ್ಷಣವನ್ನು ತೋರಿಸಬಲ್ಲವು. ಯಾವುದು ಎಂದು ಬಿಡಿಸಿ ಹೇಳಬೇಕಾದವರು ವೈದ್ಯರು. ಬಿಡಿಸಬೇಕಾದರೆ ಅವರಿಗೆ ವಿಷಯ ಗೊತ್ತಿರಬೇಕು.

ಹೆಂಗಸರಿಗೆ ಇದು ಇನ್ನೂ ಮುಖ್ಯ. ತೂಕ ಇಳಿದಾಗ ಮುಟ್ಟು ಕ್ರಮಕ್ಕೆ ಬಂದು, ಮಕ್ಕಳಾಗದೆಂದು ತಿಳಿದಿದ್ದವರಿಗೂ ಗರ್ಭ ನಿಲ್ಲಬಹುದು. ಟಿರ್ಜೆಪಟೈಡ್ ಗರ್ಭನಿರೋಧಕ ಗುಳಿಗೆಯ ಶಕ್ತಿಯನ್ನು ಕುಗ್ಗಿಸಬಹುದಾದ್ದರಿಂದ, ಮದ್ದು ಆರಂಭಿಸಿದ ಮೇಲೂ, ಪ್ರತಿ ಬಾರಿ ಪ್ರಮಾಣ ಏರಿಸಿದ ಮೇಲೂ ನಾಲ್ಕು ವಾರ ನಿರೋಧ್‌ನಂಥ ಬೇರೆ ಉಪಾಯ ಬೇಕೆಂದು ಬ್ರಿಟನ್ನಿನ ಔಷಧ ಇಲಾಖೆ 2025ರ ಜೂನ್‌ನಲ್ಲಿ ಎಚ್ಚರಿಸಿತು. ಮಗು ಬೇಕೆನ್ನುವವರು ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು.

ತೆಳ್ಳಗಾಗಿಸುವ ಮದ್ದಿನ ಚರಿತ್ರೆಯನ್ನು ಬಲ್ಲವರು ಇಷ್ಟು ಜಾಗ್ರತೆಯನ್ನು ಅತಿಯೆನ್ನಲಾರರು. ಯುರೋಪಿನಲ್ಲಿ 2006ರಲ್ಲಿ ಒಪ್ಪಿಗೆ ಪಡೆದ ರಿಮೊನಬಾಂಟ್, ಸೇವಿಸಿದವರಲ್ಲಿ ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಂಡುದರಿಂದ 2008ರಲ್ಲಿ ಹಿಂದೆಗೆಯಲ್ಪಟ್ಟಿತು. ಹೃದಯಕ್ಕೆ ಅಪಾಯವೆಂದು ತಿಳಿದ ಸಿಬುಟ್ರಮಿನ್ ನಮ್ಮಲ್ಲಿ 2011ರಲ್ಲಿ ನಿಷೇಧವಾಯಿತು. ಇವೆಲ್ಲ ತಿಳಿದದ್ದು ಮಾರಾಟಕ್ಕೆ ಬಂದ ಮೇಲೆ.

ಹೊಸ ಮದ್ದು ಆ ಸಾಲಿನದಲ್ಲ, ಆದರೆ ತಪಾಸಣೆ ಇಲ್ಲದೆ ತೆಗೆದುಕೊಳ್ಳುವಂಥದೂ ಅಲ್ಲ. ಸೆಮಾಗ್ಲುಟೈಡನ್ನು ವಾರಕ್ಕೆ 0.25 ಮಿಲಿಗ್ರಾಮಿನಿಂದ ಆರಂಭಿಸಿ ತಿಂಗಳು ತಿಂಗಳಾಗಿ ಏರಿಸುವುದು ಕ್ರಮ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಅದರ ಪ್ರಮಾಣ ತಗ್ಗಿಸದಿದ್ದರೆ ಸಕ್ಕರೆ ಕುಸಿದು ಬಿದ್ದಾರು. ಮಧುಮೇಹಿಗಳ ಕಣ್ಣನ್ನು ಮೊದಲೇ ಪರೀಕ್ಷಿಸಬೇಕು, ವಾಂತಿ ಭೇದಿ ಹೆಚ್ಚಾದರೆ ಮೂತ್ರಪಿಂಡವನ್ನೂ ನೋಡಬೇಕು. ಹೊಟ್ಟೆಯ ಮೇಲ್ಭಾಗದಲ್ಲಿ ಬೆನ್ನಿಗೆ ಹೊಡೆಯುವ ತೀವ್ರ ನೋವು ಬಂದರೆ ಅದು ಗ್ಯಾಸ್ ಎಂದು ಕಷಾಯ ಕುಡಿದು ಮಲಗಬಾರದು. ಪಿತ್ತಕೋಶದ ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ ಎರಡೂ ಸಾಧ್ಯ. ಕುಟುಂಬದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರಿಗೆ ಈ ಮದ್ದು ಸಲ್ಲದು. ತೂಕದೊಡನೆ ಸ್ನಾಯುವೂ ಕರಗುವುದರಿಂದ ಬೇಳೆ, ಮೊಟ್ಟೆ, ಮೀನು, ಸ್ವಲ್ಪ ವ್ಯಾಯಾಮ ಬೇಕು. ಮೆಕ್‌ಕಾರಿಸನ್ನರ ಇಲಿಗಳು ಹೇಳಿದ್ದೂ ಊಟದ ಗುಣದ ಮಾತನ್ನೇ.

ಇಷ್ಟೆಲ್ಲ ನಡೆಯುವುದು ಮಾತಿನ ಮೂಲಕ. ಕೂನೂರಿನ ಕನ್ನಡದವರೂ ಬಡಗರೂ ಮೈಯ ಗುಟ್ಟನ್ನು ತಮಿಳಿನಲ್ಲಿ ಹೇಳಬೇಕು, ನಾವು ಮಲಯಾಳದಲ್ಲಿ. ಪೇಟೆಯ ವ್ಯವಹಾರಕ್ಕೆ ಸಾಲುವ ಪರಭಾಷೆ ಮಲಗುವ ಕೋಣೆಯ ಮಾತಿಗೆ ಸಾಲುವುದಿಲ್ಲ. ಹಾಗಾಗಿ ಅನೇಕರು ಮಂಗಳೂರಿಗೆ ಹೋಗುತ್ತಾರೆ, ಹೋಗಲಾಗದವರು ಸುಮ್ಮನಿರುತ್ತಾರೆ. ಹೆಂಗಸರಂತೂ ಪರಭಾಷೆಯ ಗಂಡು ಡಾಕ್ಟರ ಮುಂದೆ ಗರ್ಭನಿರೋಧಕದ ಮಾತೆತ್ತುವುದೇ ಇಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಿ ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ರೇಶನ್ ಕಾರ್ಡಿನ ಅರ್ಜಿಗೆ ಸಲ್ಲುವ ಮರ್ಯಾದೆ ರೋಗಿಯ ಮಾತಿಗೂ ಸಲ್ಲಬೇಡವೇ? ಕಾಸರಗೋಡು, ಮಂಜೇಶ್ವರ ತಾಲೂಕುಗಳ ಆರೋಗ್ಯ ಕೇಂದ್ರಗಳಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚಾದ ಒಂದು ಪುಟದ ಪ್ರಶ್ನಾವಳಿ ಇಟ್ಟರೆ ಖರ್ಚು ಹೆಚ್ಚಿಲ್ಲ. ಯಾವ ಗುಳಿಗೆ ನುಂಗುತ್ತೀರಿ, ವಾಂತಿ ಉಂಟೇ, ಮುಟ್ಟು ಸರಿಯೇ, ದಾಂಪತ್ಯದಲ್ಲಿ ಆಸಕ್ತಿ ಕುಗ್ಗಿದೆಯೇ ಎಂಬ ಪ್ರಶ್ನೆಗಳ ಎದುರು ಹೌದು, ಇಲ್ಲ ಎಂದು ಗುರುತು ಹಾಕಿದರೆ ಬಾಯಿ ತೆರೆಯಬೇಕಾಗಿಲ್ಲ. ಅದು ಬರುವ ತನಕ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಎಂದು ನನ್ನ ಸಹೋದ್ಯೋಗಿಗೆ ಹೇಳಿದೆ. ಬರೆದಿದ್ದಾರೆ. ಮಲಯಾಳಕ್ಕೆ ತಿರುಗಿಸಿಕೊಟ್ಟದ್ದು ನಮ್ಮ ಶಾಲೆಯ ಮಲಯಾಳ ಅಧ್ಯಾಪಕರು, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ.