ಬುದ್ಧನ ಪಾಠದಲ್ಲಿ ಬಿ.ಕಾಂ. ಹುಡುಗನಿಗೇನು ಕೆಲಸ?

ಈ ವರ್ಷ ಕಾಲೇಜು ಮುಗಿಸಿ ವಾರಕ್ಕೆ ಎರಡು ಸಂಜೆ ಪಾಲಿ ತರಗತಿಗೆ ಹೋಗುತ್ತಿದ್ದೇನೆ. ಅದರ ಜೊತೆ ಬೌದ್ಧ ಧರ್ಮದ ಇತಿಹಾಸವೂ ಒಂದು ಪೇಪರು. ಸುದ್ದಿ ಹರಡಿದ ದಿನದಿಂದ ನನ್ನನ್ನು ಪ್ರಶ್ನೆ ಕೇಳದವರಿಲ್ಲ. ನಮ್ಮ ಚಾಳಿನ ಕಾಕಾ, “ಯಾಕ್ ತಮ್ಮಾ, ಧರ್ಮ ಬದಲ್ ಮಾಡ್ತೀ ಏನು?” ಅಂದರು. ಗೆಳೆಯನೊಬ್ಬ, “ಸ್ಕೋರಿಂಗ್ ಸಬ್ಜೆಕ್ಟಾ?” ಅಂದ. ಪರಿಚಯದ ಹಿರಿಯರೊಬ್ಬರು ದನಿ ತಗ್ಗಿಸಿ, “ನೀವು... ಅವರಾ?” ಎಂದು ಕೇಳಿದರು. ಅವರು ಅಂದರೆ ಯಾರು ಎಂದು ನಾನು ತಿರುಗಿ ಕೇಳಲಿಲ್ಲ. ಕೇಳಬೇಕಾಗಿತ್ತು. ಅಕೌಂಟೆನ್ಸಿ ಕ್ಲಾಸಿಗೆ ಸೇರಿದಾಗ ನನ್ನ ಜಾತಿ ಯಾರಿಗೂ ಬೇಕಾಗಿರಲಿಲ್ಲ!

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಬುದ್ಧ ಅಂದರೆ ಒಂದೂವರೆ ಪುಟ. ಮುದುಕ, ರೋಗಿ, ಶವ, ಸನ್ಯಾಸಿ, ಆಮೇಲೆ ಅಷ್ಟಾಂಗ ಮಾರ್ಗ, ಐದು ಅಂಕ. ಈಗ ತರಗತಿಯಲ್ಲಿ ನಾಸಿಕದ ಪಾಂಡವಲೇಣಿಯ ಹತ್ತನೇ ಗುಹೆಯ ಶಾಸನ ಓದಿಸಿದರು. ಸುಮಾರು 1,900 ವರ್ಷಗಳ ಹಿಂದೆ ನಹಪಾನನ ಅಳಿಯ ಉಷವದಾತ ಭಿಕ್ಷುಗಳಿಗಾಗಿ 3,000 ಕಾರ್ಷಾಪಣಗಳ ಅಕ್ಷಯನೀವಿ ಇಟ್ಟ. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಉಣ್ಣಬೇಕು. ಹಣ ಇಟ್ಟದ್ದು ಗೋವರ್ಧನದ ನೇಕಾರರ ಎರಡು ಶ್ರೇಣಿಗಳಲ್ಲಿ: ಒಂದರಲ್ಲಿ 2,000, ನೂರಕ್ಕೆ ಒಂದರಂತೆ, ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲರಂತೆ. ಮೊದಲನೆಯದರ ಬಡ್ಡಿಯಲ್ಲಿ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು, ಚೀವರದ ಖರ್ಚಿಗೆ. ನಾನು ನೋಟ್‌ಬುಕ್ಕಿನ ಅಂಚಿನಲ್ಲೇ ಲೆಕ್ಕ ಹಾಕಿದೆ. ತಿಂಗಳ ಬಡ್ಡಿ ಎಂದು ಹಿಡಿದರೆ ವರ್ಷಕ್ಕೆ 240. ಇಪ್ಪತ್ತು ಹನ್ನೆರಡಲೆ 240. ಒಂದು ಕಾಸು ಅತ್ತಿತ್ತ ಇಲ್ಲ. ಇದನ್ನೆಲ್ಲ ಊರಿನ ನಿಗಮಸಭೆಯಲ್ಲಿ ಸಾರಿ, ಫಲಕದಲ್ಲಿ ಬರೆಸಿದ್ದರಂತೆ. ಬಿ.ಕಾಂ. ಹುಡುಗನಿಗೇನು ಕೆಲಸ ಅಂತ ಕೇಳುವವರು ಇದಕ್ಕೇನು ಹೇಳುತ್ತಾರೆ?

ಅಲ್ಲಿಂದ ಮುಂದೆಯೇ ನಿಜವಾದ ಓದು. ವಿನಯದ ನಿಯಮ ನೋಡಿದರೆ ಭಿಕ್ಷು ಚಿನ್ನ ಬೆಳ್ಳಿ ಸ್ವೀಕರಿಸುವಂತಿಲ್ಲ. ಹಾಗಾದರೆ ಈ ಬಡ್ಡಿ ಹಣವನ್ನು ಕೈಯಲ್ಲಿ ಹಿಡಿದವರು ಯಾರು? ಗ್ರಂಥ ಒಂದು ಹೇಳುತ್ತದೆ, ಕಲ್ಲು ಇನ್ನೊಂದು ಹೇಳುತ್ತದೆ. ಎರಡನ್ನೂ ಎದುರಿಗಿಟ್ಟುಕೊಂಡು ಕೇಳುವುದನ್ನು ಮನೆಯ ಪೂಜೆಯಾಗಲಿ ಭಾಷಣವಾಗಲಿ ಕಲಿಸುವುದಿಲ್ಲ. ಅದಕ್ಕೆ ವಿಶ್ವವಿದ್ಯಾಲಯವೇ ಬೇಕು. ಗೋವೆಯ ಧರ್ಮಾನಂದ ಕೋಸಂಬಿ ಪಾಲಿ ಕಲಿಯಲು ಸಿಂಹಳದವರೆಗೆ ಅಲೆದರು. ಹಿಂತಿರುಗಿ 1912ರಿಂದ 1918ರವರೆಗೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅದನ್ನೇ ಕಲಿಸಿದರು. ನಮಗಾದರೆ ಲೋಕಲ್ ಗಾಡಿ ಹಿಡಿದರೆ ಸಾಕು, ಕಲೀನಾದಲ್ಲೇ ಪಾಲಿ ವಿಭಾಗ ಇದೆ.

ಆದರೆ ನನ್ನ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ತರಗತಿಯಲ್ಲಿ ಹೆಚ್ಚಿನವರು ಬೌದ್ಧ ಮನೆತನದವರು. ಅವರ ಅಜ್ಜ ಅಜ್ಜಿಯರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ, ಇಲ್ಲವೇ ಆಮೇಲೆ, ದೀಕ್ಷೆ ತೆಗೆದುಕೊಂಡವರು. ಒಂದು ದಿನ ಚರ್ಚೆಯಲ್ಲಿ ನಾನು ದೊಡ್ಡ ಪಂಡಿತನ ಹಾಗೆ, ಮುದುಕ-ರೋಗಿ-ಶವದ ಕತೆ ನಂಬುವಂಥದ್ದಲ್ಲ, ಇಪ್ಪತ್ತೊಂಬತ್ತು ವರ್ಷದವನು ಅದುವರೆಗೆ ಮುದುಕರನ್ನೇ ನೋಡಿರಲಿಲ್ಲವೇ ಎಂದೆ. ಯಾರೂ ಮಾತಾಡಲಿಲ್ಲ. ಚಹಾ ಕುಡಿಯುವಾಗ ಒಬ್ಬ ಹುಡುಗಿ ಹೇಳಿದಳು: “ನಿನಗಿದು ಎರಡನೇ ಪೇಪರು. ನಮ್ಮ ಮನೆಯಲ್ಲಿ ಇದು ಬರೀ ಪೇಪರಲ್ಲ. ಮತ್ತೆ, ಆ ಪ್ರಶ್ನೆಯನ್ನು ಬಾಬಾಸಾಹೇಬರೇ ತಮ್ಮ ‘ಬುದ್ಧ ಮತ್ತು ಆತನ ಧಮ್ಮ’ದ ಪೀಠಿಕೆಯಲ್ಲಿ ಎತ್ತಿದ್ದಾರೆ. ಓದಿದ್ದೀಯಾ?” ಓದಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಪ್ರಶ್ನೆ ಕೇಳುವ ಹಕ್ಕು ಹೊರಗಿನ ನಮಗೆ ಮಾತ್ರ ಇದೆ ಎಂದು ನಾನು ತಿಳಿದಿದ್ದೆ. ಅವಳು ನಂಬುವವಳೂ ಹೌದು, ನನಗಿಂತ ಮೊದಲೇ ಪ್ರಶ್ನೆ ಓದಿದವಳೂ ಹೌದು. ಇಂಥವಳ ಪಕ್ಕದ ಬೆಂಚಿನಲ್ಲಿ ಕೂತು ಓದದೆ ಇದು ನನಗೆ ತಿಳಿಯುತ್ತಿರಲಿಲ್ಲ. ‘ಅವರ’ ವಿಷಯ ಅಂತ ಬಿಟ್ಟರೆ ಬೆಂಚು ಖಾಲಿಯೇ ಉಳಿಯುತ್ತದೆ.

ನಮಗೆ ದೂರದ್ದೇನೂ ಅಲ್ಲ ಇದು. ಪಾಲಿಯ ರಕ್ಖಸ ನಮ್ಮ ರಕ್ಕಸ, ಅಕ್ಖರ ನಮ್ಮ ಅಕ್ಕರ. ರಾಜರತ್ನಂ ಅಂದರೆ ನಾಯಿಮರಿ ಪದ್ಯ, ರತ್ನನ ಪದಗಳು ಎಂದಷ್ಟೇ ತಿಳಿದಿದ್ದ ನನಗೆ, ಅವರು ಪಾಲಿಯಿಂದ ಬುದ್ಧನ ಮಾತುಗಳನ್ನು ಕನ್ನಡಕ್ಕೆ ತಂದದ್ದು ಈ ವರ್ಷ ಗೊತ್ತಾಯಿತು. ನಮ್ಮೂರು ಕಲಬುರಗಿ ಕಡೆ. ಮನೆಯವರು ಸನ್ನತಿಗೆ ಹೋಗುವುದು ಚಂದ್ರಲಾಂಬೆಯ ದರ್ಶನಕ್ಕೆ. ಅದೇ ಆವರಣದ ಕಾಳಿ ಗುಡಿಯ ಚಾವಣಿ 1986ರಲ್ಲಿ ಕುಸಿದಾಗ, ಮೂರ್ತಿಯ ಕೆಳಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಎಷ್ಟು ತಲೆಮಾರು ಅದಕ್ಕೆ ಕೈ ಮುಗಿದಿದೆಯೋ!

ನಮ್ಮ ಸಂಘ ಕಳೆದ ವರ್ಷ ಕನ್ಹೇರಿಗೆ ಪಿಕ್‌ನಿಕ್ ಹೋಗಿತ್ತು. ಬ್ರಾಹ್ಮಿ ಅಕ್ಷರಗಳಿಗೆ ಬೆನ್ನು ಒರಗಿಸಿ ಫೋಟೋ ತೆಗೆಸಿಕೊಂಡು, ಅಂತ್ಯಾಕ್ಷರಿ ಆಡಿ ಬಂದೆವು. ಕಲ್ಯಾಣ, ಸೋಪಾರದ ವ್ಯಾಪಾರಿಗಳ ದಾನದ ಲೆಕ್ಕ ಅಲ್ಲಿ ಬರೆದಿದೆ. ಈ ಸಲ ಶಾಸನ ಓದಬಲ್ಲವರೊಬ್ಬರನ್ನು ಕರೆದುಕೊಂಡು ಹೋಗೋಣ ಎಂದು ನನ್ನ ಸೂಚನೆ. ವಾಣಿಜ್ಯದವರಿಗೂ ಈ ವಿಷಯವನ್ನು ಐಚ್ಛಿಕವಾಗಿ ಕೊಡಿ ಎಂದು ಪ್ರಿನ್ಸಿಪಾಲರಿಗೆ ಅರ್ಜಿಯನ್ನೂ ಬರೆದಿದ್ದೇನೆ. ಸಹಿ ಬೇಕು.

ಅಪ್ಪ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಸಿ.ಎ. ಬಿಟ್ಟು ಇದೆಲ್ಲ ಯಾಕೆ ಎಂದು ಗೊಣಗುತ್ತಿದ್ದರು. ಮೊನ್ನೆ ಉಷವದಾತನ ಲೆಕ್ಕ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಕೂಡಿಸಿ ನೋಡಿದರು. “ಲೆಕ್ಕ ಬರೋಬರಿ ಅದ,” ಅಂದರು. ಆಮೇಲೆ, “ನೇಕಾರರು ದಿವಾಳಿ ತೆಗೆದ್ರ ಸನ್ಯಾಸಿಗಳ ಗತಿ ಏನು? ನಿಮ್ಮ ಸರ್‌ಗೆ ಕೇಳು,” ಅಂದರು.