ಯಂತ್ರಗಳು ಬಂದವು, ಕಲಿಸುವವರೆಲ್ಲಿ?

ಕಸಬಿನ ಶಿಕ್ಷಣದ ಮಾತು ಬಂದಾಗಲೆಲ್ಲ ಮೊದಲು ಕಟ್ಟಡವನ್ನೂ, ಆಮೇಲೆ ಯಂತ್ರವನ್ನೂ, ಕಟ್ಟಕಡೆಗೆ ಕಲಿಸುವವನನ್ನೂ ನೆನೆಯುವ ರೂಢಿ ನಮ್ಮಲ್ಲಿ ಬಿದ್ದುಹೋಗಿದೆ. 2022ರ ಜೂನ ತಿಂಗಳಲ್ಲಿ ಕರ್ನಾಟಕದ 150 ಔದ್ಯೋಗಿಕ ತರಬೇತಿ ಸಂಸ್ಥೆಗಳು ಹೊಸ ಯಂತ್ರಗಳಿಂದ ಸಜ್ಜಾಗಿ ರಾಷ್ಟ್ರಕ್ಕೆ ಅರ್ಪಿತವಾದವು. ತಗಲಿದ ವೆಚ್ಚ 4,600 ಕೋಟಿ ರೂಪಾಯಿಗಳಿಗೂ ಮೇಲು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹಣವಿದ್ದರೆ ಯಂತ್ರವನ್ನು ತರಿಸಬಹುದು. ಅದರ ಮುಂದೆ ಹುಡುಗನನ್ನು ನಿಲ್ಲಿಸಿ ಅವನ ಕೈಗೆ ಬುದ್ಧಿ ಕೊಡುವ ಗುರುವನ್ನು ಯಾವ ಪೇಟೆಯಿಂದಲೂ ಕೊಂಡು ತರಲಾಗದು. ಅವನನ್ನು ಸಿದ್ಧಮಾಡಬೇಕು. ಈ ಸಿದ್ಧತೆಯೇ ಮೊದಲಿನ ಕೆಲಸವೆಂಬುದು ನಮ್ಮ ಮತವು.

ಇದಕ್ಕೆ ನಿದರ್ಶನ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಗೋಪನಕೊಪ್ಪದ ಮಗ್ಗುಲಲ್ಲಿಯೇ ಬೆಂಗೇರಿ ಇದೆ. ಅಲ್ಲಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಕನ್ನಡನಾಡು ಒಂದುಗೂಡಿದ ಸರಿಯಾಗಿ ಒಂದು ವರ್ಷಕ್ಕೆ, 1957ರ ನವೆಂಬರ 1ರಂದು, ಶ್ರೀ ವೆಂಕಟೇಶ ಮಾಗಡಿಯವರ ಮುಂದಾಳುತನದಲ್ಲಿ ಹುಟ್ಟಿತು. ಭಾರತೀಯ ಮಾನಕ ಬ್ಯೂರೋದ ಮನ್ನಣೆ ಪಡೆದು ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೀರ್ತಿ ಈ ಸಂಘದ್ದು. ಧ್ವಜವೊಂದು ಸಿದ್ಧವಾಗಲು ನೂಲುವದು, ನೇಯುವದು, ಚಲುವೆ ಮಾಡಿ ಬಣ್ಣ ಕಟ್ಟುವದು, ಚಕ್ರ ಮುದ್ರಿಸುವದು, ಹೊಲಿಯುವದು, ಹಗ್ಗ ಮತ್ತು ಗೂಟ ಜೋಡಿಸುವದು ಹೀಗೆ ಆರು ಹಂತಗಳುಂಟು. ಚಕ್ರದ 24 ಅರಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಪ್ರಮಾಣ ತಪ್ಪಿದ ಧ್ವಜಕ್ಕೆ ಧ್ವಜವೆಂಬ ಹೆಸರಿಲ್ಲ.

ಈ ಆರು ಹಂತಗಳಲ್ಲಿ ಒಂದಾದರೂ ಪುಸ್ತಕ ನೋಡಿ ಬರುವಂಥದಲ್ಲ. ಕೈಯಿಂದ ಕೈಗೆ ಬರತಕ್ಕದ್ದು. 2021ರ ಡಿಸೆಂಬರ ಕೊನೆಯಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ ಬಟ್ಟೆಗೂ ಯಂತ್ರದ ನೇಯ್ಗೆಗೂ ಅನುಮತಿ ದೊರೆತಂದಿನಿಂದ ಖಾದಿಯ ಬಾಳು ಬಿಗಿಯಾಗಿದೆ. ನುರಿತ ನೇಕಾರನೊಬ್ಬ ಮಗ್ಗ ಬಿಟ್ಟೇಳುವಾಗ ತನ್ನ ಹಿಂದೆ ಒಬ್ಬನನ್ನು ಕೂಡಿಸಿ ಏಳದಿದ್ದರೆ, ಒಬ್ಬ ಕೂಲಿಯಲ್ಲ, ಒಂದು ಪಾಠಶಾಲೆಯೇ ಮುಚ್ಚಿದಂತಾಗುವದು.

“ಕಲಿತವನಿಗಿಂತ ನುರಿತವನೇ ಮೇಲು” ಎಂದು ನಮ್ಮ ಹಿರಿಯರ ಗಾದೆ. ಕೆಲಸ ಮಾಡುವವನಿಗೆ ಈ ಮಾತು ಸಾಕು. ಕೆಲಸ ಕಲಿಸುವವನಿಗೆ ಸಾಲದು. ಲೇಥಿನ ಮುಂದೆ ನಿಂತ ಹಳೆಯ ಕೆಲಸಗಾರನು ಉಳಿಯ ಸಪ್ಪಳ ಕೇಳಿಯೇ ತಪ್ಪನ್ನು ಅರಿಯುತ್ತಾನೆ. ಆದರೆ ಆ ಸಪ್ಪಳ ಏಕೆ ಬಂತೆಂಬುದನ್ನು ಹದಿನಾರರ ಹುಡುಗನಿಗೆ ಬಿಡಿಸಿ ಹೇಳಲಾರ. ಪದವೀಧರನು ಕಾರಣವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಾನೆ. ಆದರೆ ಅನೇಕ ವೇಳೆ ಉಳಿ ಹಿಡಿಯಲು ಅವನ ಕೈ ಅಂಜುತ್ತದೆ. ಕಸಬಿನ ಗುರುವಿಗೆ ಆ ಕೈಯೂ ಬೇಕು, ಈ ಬಾಯಿಯೂ ಬೇಕು. ಇವೆರಡನ್ನು ಒಂದು ಮಾಡುವದೇ ಶಿಕ್ಷಕರ ತರಬೇತಿ.

ಇಲ್ಲಿ ನಮ್ಮ ಕಾಯಿದೆಗಳ ವಿಚಿತ್ರವನ್ನು ನೋಡಿರಿ. ಒಂದನೆಯ ಇಯತ್ತೆಗೆ ಅಕ್ಷರ ಕಲಿಸುವ ಮಾಸ್ತರರು ಕಲಿಸುವ ವಿದ್ಯೆಯಲ್ಲಿ ತೇರ್ಗಡೆಯಾಗಿಯೇ ಶಾಲೆಯ ಹೊಸ್ತಿಲು ದಾಟಬೇಕು. ಪಾಲಿಟೆಕ್ನಿಕದ ಉಪನ್ಯಾಸಕನು ಕೆಲಸಕ್ಕೆ ಸೇರಲು ಇಂಜಿನಿಯರಿಂಗ ಪದವಿಯಿದ್ದರೆ ಸಾಕು. ಕಲಿಸುವ ವಿದ್ಯೆಯು ಸೇರಿದ ಮೇಲಿನ ಮಾತು. ಧಾರವಾಡದ ಮಣ್ಣಿಗೆ ಈ ತಾರತಮ್ಯ ಒಪ್ಪುವಂಥದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಇಲ್ಲಿಯ ನಾರ್ಮಲ ಸ್ಕೂಲನ್ನು ಬಲಪಡಿಸಿ ಕನ್ನಡದ ಮಾಸ್ತರರನ್ನು ಸಿದ್ಧಗೊಳಿಸಿದರು. ಆದುದರಿಂದಲೇ ಈ ಭಾಗದ ಕನ್ನಡ ಶಾಲೆಗಳು ಬೇರು ಬಿಟ್ಟವು. ಅಕ್ಷರಕ್ಕೆ ಸಲ್ಲುವ ನ್ಯಾಯ ಅರಕ್ಕೆ ಸಲ್ಲಬಾರದೇಕೆ?

ಸ್ವತಂತ್ರ ಭಾರತವು ಈ ಅಗತ್ಯವನ್ನು ಅರಿಯದೆ ಇರಲಿಲ್ಲ. ಕಸಬಿನ ಶಿಕ್ಷಕರನ್ನು ಅಣಿಗೊಳಿಸುವ ಕೇಂದ್ರವು 1948ರಲ್ಲಿಯೇ ಬಿಲಾಸಪುರದ ಹತ್ತಿರದ ಕೋನಿಯಲ್ಲಿ ತೆರೆಯಿತು. 1960ರ ದಶಕದಲ್ಲಿ ಮದ್ರಾಸು, ಕಲಕತ್ತೆ, ಭೋಪಾಳ, ಚಂಡೀಗಡಗಳಲ್ಲಿ ತಾಂತ್ರಿಕ ಅಧ್ಯಾಪಕರ ತರಬೇತಿ ಸಂಸ್ಥೆಗಳು ಹುಟ್ಟಿದವು. 1971ರಲ್ಲಿ ಜರ್ಮನರ ನೆರವಿನಿಂದ ಬೆಂಗಳೂರಿನಲ್ಲಿ ಫೋರಮನ್ನರ ತರಬೇತಿ ಸಂಸ್ಥೆ ಬಂದಿತು. ಏಶಿಯದ ಬೆಳೆಯುವ ದೇಶಗಳಿಗೆಲ್ಲ ಇದೇ ಕೊರತೆಯೆಂದು ಕಂಡು ಕೊಲಂಬೋ ಯೋಜನೆಯವರು 1973ರಲ್ಲಿ ಸ್ಥಾಪಿಸಿದ ಕಾಲೇಜು ಈಗ ಮನಿಲಾದಲ್ಲಿದೆ. ಜರ್ಮನಿಯಲ್ಲಂತೂ ಕುಶಲಕರ್ಮಿಯು ‘ಮೈಸ್ಟರ’ ಎನಿಸಿಕೊಳ್ಳಬೇಕಾದರೆ ಕಸಬಿನೊಂದಿಗೆ ಕಲಿಸುವ ವಿದ್ಯೆಯಲ್ಲಿಯೂ ಪರೀಕ್ಷೆ ಕೊಡಬೇಕು. ಮಾರ್ಗ ಗೊತ್ತಿಲ್ಲದೆ ನಾವು ನಿಂತಿಲ್ಲ; ನಡೆಯದೆ ನಿಂತಿದ್ದೇವೆ.

“ಕಾರಖಾನೆಯಲ್ಲಿ ಹೆಚ್ಚು ಸಂಬಳ ಸಿಗುವಾಗ ನುರಿತವನು ಕಲಿಸಲು ಏಕೆ ಬಂದಾನು?” ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದದ್ದು, ಉತ್ತರ ಇತಿಹಾಸದಲ್ಲಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾಗಿದ್ದರು. ತಮಗೆ ಸಲ್ಲಬೇಕಾದ ಬಡತಿ ಆಂಗ್ಲೋ-ಇಂಡಿಯನ್ನನೊಬ್ಬನ ಪಾಲಾದಾಗ ಕೆಲಸ ಬಿಟ್ಟರು. ಉದ್ಯಮಕ್ಕೆ ಮಹಾಪುರುಷನೊಬ್ಬ ದೊರೆತನು, ನಿಜ. ಶಾಲೆಯು ಒಬ್ಬ ಗುರುವನ್ನು ಕಳೆದುಕೊಂಡಿತೆಂಬುದೂ ಅಷ್ಟೇ ನಿಜ. ಮಾನವಿಲ್ಲದ ಕಡೆಗೆ ಯೋಗ್ಯರು ನಿಲ್ಲುವದಿಲ್ಲ.

ಆದುದರಿಂದ ನಾವು ಕೇಳುವದಿಷ್ಟು. ಒಂದು, ಕಲಿಸುವ ವಿದ್ಯೆಯಲ್ಲಿ ತರಬೇತಿಯಾಗದವರಿಗೆ ತಾಂತ್ರಿಕ ಶಾಲೆಯ ತರಗತಿಯನ್ನು ಒಪ್ಪಿಸಬಾರದು. ತರಬೇತಿಯ ಕಾಲಕ್ಕೂ ಸಂಬಳ ಕೊಡಬೇಕು. ಎರಡು, ಕಲಿಸುವವರು ವರ್ಷಕ್ಕೊಂದು ತಿಂಗಳಾದರೂ ಕಾರಖಾನೆಗೆ ಮರಳಿ ಕೈ ಮಸಿ ಮಾಡಿಕೊಳ್ಳಬೇಕು. ರೇಲ್ವೆ ಕಾರ್ಯಾಗಾರವಿರುವ ಹುಬ್ಬಳ್ಳಿಗೆ ಇದು ಕಠಿಣವಲ್ಲ. ಮೂರು, ಪದವಿಯಿಲ್ಲದ ನುರಿತ ನೇಕಾರ, ಬಣ್ಣಗಾರ, ಕಮ್ಮಾರರಿಗೂ ಕಲಿಸುವ ತರಬೇತಿಯನ್ನಿತ್ತು ಗುರುವಿನ ಸ್ಥಾನ ಮತ್ತು ಸಂಬಳವನ್ನು ಕೊಡಬೇಕು. ನಾಲ್ಕು, ಈ ತರಬೇತಿಯು ಕನ್ನಡದಲ್ಲಿ ನಡೆಯಬೇಕು. ಹುಡುಗನಿಗೆ ತಿಳಿಯುವ ನುಡಿಯಲ್ಲಿ ಹೇಳಲಾರದ ಗುರುವು ಅರ್ಧ ಗುರುವು. ಇದಕ್ಕಾಗಿ ಬೆಂಗಳೂರಿನವರೆಗೆ ಸುಮಾರು 400 ಕಿಲೋಮೀಟರ ಅಲೆಯದಂತೆ ಹುಬ್ಬಳ್ಳಿ-ಧಾರವಾಡದಲ್ಲಿಯೇ ಪೂರ್ಣ ಏರ್ಪಾಡಾಗಬೇಕು.

ಶಿಕ್ಷಕ ಬಂಧುಗಳಿಗೆ ನಮ್ಮದೊಂದು ಬಿನ್ನಹವುಂಟು. ಕಲಿಸುವದು ಒಂದು ವಿದ್ಯೆಯೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿಮ್ಮ ಸಭೆಗಳಲ್ಲಿ ಈ ಮಾತನ್ನೆತ್ತಿರಿ, ಪ್ರತಿನಿಧಿಗಳನ್ನು ಕೇಳಿರಿ. ಮುಂದಿನ ಸಲ ಯಂತ್ರಕ್ಕೆ ಹೂವಿನ ಹಾರ ಹಾಕುವವರನ್ನು ಕಂಡಾಗ ಇದರ ಮುಂದೆ ನಿಲ್ಲುವ ಗುರು ಯಾರು, ಅವನನ್ನು ಕಲಿಸಿದವರು ಯಾರು ಎಂದು ಕೇಳುವ ಧೈರ್ಯ ನಾಡಿಗೆ ಬರಲಿ.